ತಿಪ್ಪಯ್ಯ ಮೇಸ್ತ್ರಿಯ ಕನ್ನಡಿ ನೆಲ

ಹೊನ್ನವಳ್ಳಿಯ ಸುತ್ತಮುತ್ತ ಮನೆ ಕಟ್ಟಿಸುವವರು ಗೋಡೆಗೆ ಯಾರನ್ನು ಬೇಕಾದರೂ ಕರೆಯುತ್ತಿದ್ದರು. ನೆಲಕ್ಕೆ ಮಾತ್ರ ತಿಪ್ಪಯ್ಯ ಮೇಸ್ತ್ರಿಯೇ ಬರಬೇಕಾಗಿತ್ತು. ಕೆಂಪು ಗಾರೆ ನೆಲ ಹಾಕುವುದರಲ್ಲಿ ತನ್ನನ್ನು ಮೀರಿಸುವವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ ಎಂಬುದು ಅವನ ಅಭಿಪ್ರಾಯ. ಅದು ಅವನೊಬ್ಬನದೇ ಅಭಿಪ್ರಾಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತೊಂದರೆಯೆಂದರೆ ಎಲ್ಲರೂ ಹಾಗೆಯೇ ಹೇಳುತ್ತಿದ್ದರು.

ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ ಬಳಿದರೆ ನೆಲವಾಯಿತು ಎಂದುಕೊಂಡವರು ಅವನೆದುರು ಆ ಮಾತನ್ನು ಆಡುತ್ತಿರಲಿಲ್ಲ. ಹಸಿ ನೆಲದ ಮೇಲೆ ಪುಡಿ ಉದುರಿಸುವುದಕ್ಕೆ ಒಂದು ಗಳಿಗೆ, ಕರಣೆ ಒತ್ತುವುದಕ್ಕೆ ಒಂದು ಗಳಿಗೆ, ಆ ಎರಡರ ನಡುವೆ ಎಷ್ಟು ಬೀಡಿ ಸೇದಬೇಕು ಎಂಬುದಕ್ಕೂ ಒಂದು ಲೆಕ್ಕ. ಒಂದು ವಾರ ನೀರು ನಿಲ್ಲಿಸಿ, ಆಮೇಲೆ ನುಣುಪುಕಲ್ಲಿನಿಂದ ಉಜ್ಜಿ, ಕೊನೆಯ ದಿನ ಮನೆಯೊಡತಿಯ ಕೈಯಿಂದ ಕೊಬ್ಬರಿ ಗಿಟುಕು ಇಸಿದುಕೊಳ್ಳುತ್ತಿದ್ದ. ಅದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮಂಡಿಯೂರಿ, ದೇವರಮನೆಯ ಮೂಲೆಯಿಂದ ಹಿಂದಹಿಂದಕ್ಕೆ ಸರಿಯುತ್ತ ಹೊಸ್ತಿಲವರೆಗೂ ತಿಕ್ಕುತ್ತ ಬರುತ್ತಿದ್ದ. ಹೊಸ್ತಿಲು ದಾಟಿ ಎದ್ದು ನಿಂತು ಮನೆಯ ಹಿರಿಯ ಹೆಂಗಸನ್ನು ಕರೆದು, ಬಗ್ಗಿ ಮುಖ ನೋಡಿಕೊಳ್ಳಿ ಎನ್ನುತ್ತಿದ್ದ. ಆಕೆಗೆ ತನ್ನ ಮೂಗುತಿ ಕಂಡರೆ ನೆಲ ಪಾಸು. ಮೂಗುತಿ ಕಾಣದ ನೆಲವನ್ನು ಅವನು ಎರಡು ಸಲ ಅಗೆದು ಹಾಕಿದ್ದುಂಟು.

ಆಮೇಲೆ ಟೈಲ್ಸ್ ಬಂತು, ಗ್ರಾನೈಟ್ ಬಂತು. ಅವನ್ನು ಹಾಕಲು ಹೊರಗಿನ ಹುಡುಗರು ಬಂದರು. ಅವರು ಎರಡು ದಿನದಲ್ಲಿ ಒಂದು ಮನೆ ಮುಗಿಸಿ, ಯಾರನ್ನೂ ಕರೆದು ಮುಖ ತೋರಿಸದೆ ಮುಂದಿನ ಮನೆಗೆ ಹೋಗುತ್ತಿದ್ದರು. ಅರವತ್ತಮೂರನೆಯ ವಯಸ್ಸಿಗೆ ತಿಪ್ಪಯ್ಯನ ಪಾಲಿಗೆ ಉಳಿದಿದ್ದು ನೀರಿನ ತೊಟ್ಟಿಯ ಬಿರುಕು ಮುಚ್ಚುವುದು, ಪಾಯಿಖಾನೆಗೆ ಗಿಲಾವು ಮಾಡುವುದು. ಕೆಲಸವಿಲ್ಲದ ದಿನ ಹೊನ್ನವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು, ತಾನು ನೆಲ ಹಾಕಿದ ಮನೆಗಳನ್ನು ಎಣಿಸುತ್ತಿದ್ದ. ನೂರಾ ಎಂಟಕ್ಕೆ ನಿಲ್ಲುತ್ತಿತ್ತು. ಸಂಖ್ಯೆ ಚೆನ್ನಾಗಿದೆ ಎಂದು ಅವನು ಅಲ್ಲಿಗೇ ನಿಲ್ಲಿಸುತ್ತಿದ್ದನೆಂಬ ಅನುಮಾನವೂ ಇತ್ತು.

ಇಂಥ ಹೊತ್ತಿನಲ್ಲಿ ಪಕ್ಕದ ಹಳ್ಳಿಯ ಸ್ಕೂಲಿಗೆ ರ‍್ಯಾಂಪ್ ಮಂಜೂರಾಯಿತು. ಆ ಹಳ್ಳಿಯ ಹೆಸರು ಬೇಡ; ಹೆಸರು ಹೇಳಿದರೆ ಬೇಸರಪಡುವವರು ಈಗಾಗಲೇ ಸಾಕಷ್ಟು ಇದ್ದಾರೆ.

ಮಂಜೂರಾದ ಬಗೆ ಹೀಗೆ. ವರ್ಷಕ್ಕೊಮ್ಮೆ ಮೇಲಿನಿಂದ ಬರುವ ಫಾರಮ್ಮಿನಲ್ಲಿ, ನಿಮ್ಮ ಶಾಲೆಯಲ್ಲಿ ಅಂಗವಿಕಲ ಮಕ್ಕಳು ಎಷ್ಟು ಎಂದು ಕೇಳಿದ್ದರು. ಹೆಡ್‌ಮೇಡಂ ಶಾಂತಕುಮಾರಿಯವರು ಪ್ರಾಮಾಣಿಕವಾಗಿ ‘ಒಂದು’ ಎಂದು ಬರೆದರು. ಒಂದು ಎಂದರೆ ಒಂದು ರ‍್ಯಾಂಪ್. ಆ ಮಗುವಿಗೆ ಏನು ತೊಂದರೆ ಎಂದು ಕೇಳುವ ಕಾಲಮ್ಮು ಫಾರಮ್ಮಿನಲ್ಲಿ ಇರಲಿಲ್ಲವೋ, ಇದ್ದೂ ಯಾರೂ ಓದಲಿಲ್ಲವೋ ತಿಳಿಯದು. ಆ ಮಗುವಿನ ಕಾಲು ಎರಡೂ ಚೆನ್ನಾಗಿದ್ದವು.

ಮಗುವಿನ ಹೆಸರು ಧನ್ಯಶ್ರೀ. ಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಗಂಗಲಕ್ಷ್ಮಿಯ ಮಗಳು, ಐದನೇ ಕ್ಲಾಸು. ಹುಟ್ಟುವಾಗಲೇ ಮೈಯಲ್ಲಿ ಬಣ್ಣವಿಲ್ಲದ ಕೂಸು. ತಲೆಗೂದಲು ಒಣಗಿದ ಜೋಳದ ಗರಿಯ ಹಾಗೆ, ರೆಪ್ಪೆ ಕೂಡ ಬಿಳಿ. ಅದು ಕಾಯಿಲೆಯಲ್ಲ, ಅಂಟುವುದಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಕಣ್ಣಿನ ದೃಷ್ಟಿ ನಮ್ಮಂಥವರಿಗೆ ಇರುವುದರ ಕಾಲುಭಾಗ, ಬೆಳಕೆಂದರೆ ನೋವು. ಆದರೆ ದಪ್ಪಕ್ಷರ ಮಾಡಿ ನೆರಳಿನಲ್ಲಿ ಕೂರಿಸಿದರೆ ಎಲ್ಲರಂತೆ ಓದುತ್ತಾಳೆ ಎಂದಿದ್ದರು. ಓದುತ್ತಲೂ ಇದ್ದಳು. ಪುಸ್ತಕಕ್ಕೆ ಮೂಗು ತಾಗಿಸಿ, ಕ್ಲಾಸಿನಲ್ಲಿ ಎರಡನೆಯವಳಾಗಿ.

ಮಾರ್ಚ್ ಮುಗಿಯುವುದರೊಳಗೆ ಕೆಲಸ ಮುಗಿಯಬೇಕೆಂದು ಆದೇಶವಿತ್ತು. ಶಾಂತಕುಮಾರಿಯವರು ಫೆಬ್ರವರಿಯಲ್ಲಿ ತಿಪ್ಪಯ್ಯನನ್ನು ಕರೆಸಿದರು. ಬಾಗಿಲ ಮುಂದಿನ ಮೂರು ಮೆಟ್ಟಿಲು ತೆಗೆದು ಇಳಿಜಾರು ಮಾಡಬೇಕು, ಜಗಲಿಯ ನೆಲ ಕಿತ್ತುಹೋಗಿದೆ, ಅದನ್ನೂ ಸೇರಿಸಿಕೊಳ್ಳಿ ಎಂದರು. ಇಳಿಜಾರು ಹೇಗಿರಬೇಕು ಎಂಬ ಚಿತ್ರವೊಂದು ಕಾಗದದಲ್ಲಿತ್ತು. ತಿಪ್ಪಯ್ಯ ಅದನ್ನು ಗೌರವದಿಂದ ನೋಡಿ ಜೇಬಿಗೆ ಹಾಕಿಕೊಂಡ. ಕೊಬ್ಬರಿ ಮಂಡಿಗಳಲ್ಲಿ ಮೂಟೆ ಇಳಿಸುವುದಕ್ಕೆ ಅವನು ಎಷ್ಟೋ ಇಳಿಜಾರು ಕಟ್ಟಿದ್ದ. ಮೂಟೆ ತಾನಾಗಿ ಜಾರಿ ಬರಬೇಕು, ಅದೇ ಅದರ ಸೊಗಸು. ಚಿತ್ರ ಜೇಬಿನಲ್ಲೇ ಉಳಿಯಿತು. ಮನಸ್ಸಿನಲ್ಲಿ ಬೇರೆ ಚಿತ್ರವಿತ್ತು: ಇನ್ನೂರು ಜನ ದಿನಾ ತುಳಿಯುವ ನೆಲ, ಬಹುಶಃ ತಾನು ಹಾಕುವ ಕೊನೆಯ ಕೆಂಪು ನೆಲ.

ಹಾಕಿದ. ಹಾಗೆ ಅವನು ಹಿಂದೆಂದೂ ಹಾಕಿರಲಿಲ್ಲ. ಜಗಲಿಯಿಂದ ಶುರುವಾಗಿ ರ‍್ಯಾಂಪಿನ ಬುಡದವರೆಗೆ ಒಂದೇ ಒಂದು ಜೋಡಣೆಯ ಗೆರೆ ಇಲ್ಲದೆ ಆ ಕೆಂಪು ಹರಿದು ಬಂತು. ಕೊನೆಯ ದಿನ ಗಿಟುಕಿಗೆಂದು ಮನೆಯೊಡತಿಯನ್ನು ಹುಡುಕಿದರೆ ಸ್ಕೂಲಿಗೆ ಮನೆಯೊಡತಿ ಯಾರು? ಮಕ್ಕಳೇ ಮನೆಯಿಂದ ಒಂದೊಂದು ತಂದರು. ಎರಡು ದಿನ ತಿಕ್ಕಿದ. ಹೊಳಪು ಹೇಗಿತ್ತೆಂದರೆ, ಜಗಲಿಯ ಮೇಲಿನ ಹೆಂಚಿನ ಸಾಲನ್ನು ನೆಲದಲ್ಲೇ ಎಣಿಸಬಹುದಿತ್ತು.

ಉದ್ಘಾಟನೆಗೆ ಶಾಲಾ ಸಮಿತಿಯ ಅಧ್ಯಕ್ಷರು, ನೂರು ತೆಂಗಿನ ಮರದ ಒಡೆಯರು ಶಂಭುಲಿಂಗಯ್ಯನವರು ಬಂದು ಟೇಪು ಕತ್ತರಿಸಿ, ಮೊದಲಿಗರಾಗಿ ರ‍್ಯಾಂಪ್ ಇಳಿದರು. ಎರಡನೆಯ ಹೆಜ್ಜೆಗೆ ಅವರ ಬಲಗಾಲು ಅವರನ್ನು ಬಿಟ್ಟು ಮುಂದೆ ಹೋಯಿತು. ಎರಡೂ ಕೈ ಮೇಲೆದ್ದವು. ದೊಡ್ಡವರು ದೊಡ್ಡವರೇ: ಎದ್ದ ಕೈಗಳನ್ನು ಅಲ್ಲಿಯೇ ಜೋಡಿಸಿ, ಬಗ್ಗಿದ್ದನ್ನು ನಮಸ್ಕಾರವಾಗಿ ಮುಗಿಸಿಬಿಟ್ಟರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಫೋಟೋ ಆಫೀಸಿಗೆ ಹೋಯಿತು.

ಆಮೇಲೆ ತಿಪ್ಪಯ್ಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಮುಖ ನೋಡಿಸಿದ. ಹಲ್ಲು ಕಿರಿದವರು, ನಾಲಿಗೆ ಚಾಚಿದವರು, ತಲೆ ಬಾಚಿಕೊಂಡವರು. ಒಂದು ಹುಡುಗಿ ಮಾತ್ರ ಸಾಲಿನಲ್ಲಿ ತನ್ನ ಸರದಿ ಬಂದಾಗ ಮೊಣಕೈ ಎತ್ತಿ ಕಣ್ಣಿಗೆ ಅಡ್ಡ ಇಟ್ಟುಕೊಂಡು ಹಿಂದಕ್ಕೆ ಸರಿದಳು. ನೋಡು ಮಗಾ ಎಂದರೂ ನೋಡಲಿಲ್ಲ. ಇನ್ನೂರು ಜನರಲ್ಲಿ ನೋಡದ ಆ ಒಬ್ಬಳು ತಿಪ್ಪಯ್ಯನ ಮನಸ್ಸಿಗೆ ಮುಳ್ಳಾದಳು. ಈ ರ‍್ಯಾಂಪ್ ಬಂದಿದ್ದೇ ಅವಳ ಹೆಸರಿನಲ್ಲಿ ಎಂದು ಯಾರೋ ಹೇಳಿದಾಗ ಮುಳ್ಳು ಇನ್ನಷ್ಟು ಒಳಕ್ಕೆ ಹೋಯಿತು.

ಹದಿನೈದು ದಿನ ಕಳೆದಿತ್ತು. ಬೆಳಿಗ್ಗೆ ಒಂಬತ್ತೂವರೆ, ಮಾರ್ಚ್ ತಿಂಗಳ ಬಿಸಿಲು ಮೂಡಲಿನಿಂದ ನೇರ ರ‍್ಯಾಂಪಿನ ಮೇಲೆ ಬಿದ್ದಿತ್ತು. ಗಂಗಲಕ್ಷ್ಮಿ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಮಕ್ಕಳು ಕೂಗಿದ್ದು ಕೇಳಿ ಬರುವಷ್ಟರಲ್ಲಿ ಧನ್ಯಶ್ರೀ ಬುಡದಲ್ಲಿ ಮುಖ ಕೆಳಗಾಗಿ ಬಿದ್ದಿದ್ದಳು. ಗದ್ದ ಸೀಳಿತ್ತು, ಎಡಗೈ ಮಣಿಕಟ್ಟು ಮುರಿದಿತ್ತು. ತಿಪಟೂರಿಗೆ ಆಟೋದಲ್ಲಿ ಕರೆದೊಯ್ದು ಗದ್ದಕ್ಕೆ ಹೊಲಿಗೆ, ಕೈಗೆ ಪಟ್ಟು ಹಾಕಿಸಿದರು. ಕೆಂಪು ನೆಲದ ಮೇಲೆ ರಕ್ತ ಬಿದ್ದ ಜಾಗ ಯಾವುದೆಂದು ಒರೆಸಲು ಬಂದವರಿಗೆ ಹುಡುಕಬೇಕಾಯಿತು.

ಪಾಪದ ಮಗು, ನೋಡಿಕೊಂಡು ನಡೆಯಬೇಕಿತ್ತು ಎಂದು ಊರೆಲ್ಲ ಮರುಗಿತು. ಕಣ್ಣು ಕಾಣದ ಕೂಸಿಗೆ ನೋಡಿಕೊಂಡು ನಡೆ ಎಂದು ಬುದ್ಧಿ ಹೇಳುವುದರಲ್ಲಿ ನಮ್ಮಲ್ಲಿ ಒಬ್ಬರಿಗೂ ಏನೂ ವಿಚಿತ್ರ ಕಾಣಲಿಲ್ಲ. ತಿಪ್ಪಯ್ಯನೂ ಅದನ್ನೇ ಹೇಳಿದ, ಎಲ್ಲರಿಗಿಂತ ಸ್ವಲ್ಪ ಜೋರಾಗಿ.

ಪಟ್ಟು ಕಟ್ಟಿಸಿಕೊಂಡು ಬಂದ ಹುಡುಗಿ ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಕೈ ವಾಸಿಯಾಗುತ್ತ ಬಂದರೂ ಹೋಗಲಿಲ್ಲ. ಗೇಟಿನವರೆಗೆ ತಾಯಿಯ ಜೊತೆ ಬರುತ್ತಿದ್ದಳು, ಅಲ್ಲಿಂದ ಅಲ್ಲಾಡುತ್ತಿರಲಿಲ್ಲ. ಎತ್ತಿಕೊಂಡು ಹೋಗುತ್ತೇನೆಂದರೆ ಬೇಡವೆನ್ನುತ್ತಿದ್ದಳು. ಅವಳ ತಂದೆ ಭೀಮರಾಜು ಕಾಯಿ ಲಾರಿಯ ಡ್ರೈವರು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುವವನು. ದೂರದ ಊರಿನಲ್ಲಿ ಕುರುಡು ಮಕ್ಕಳ ಹಾಸ್ಟೆಲ್ ಒಂದಿದೆ, ಜೂನಿನಲ್ಲಿ ಸೇರಿಸೋಣ ಎಂದು ಫಾರಮ್ಮು ತಂದಿಟ್ಟ. ನನ್ನ ಮಗಳು ಕುರುಡಿ ಅಲ್ಲವಲ್ಲ, ಅಚ್ಚಿನ ಪುಸ್ತಕ ಓದುತ್ತಾಳಲ್ಲ ಎಂದು ಗಂಗಲಕ್ಷ್ಮಿ ಒಂದು ತಿಂಗಳು ವಾದ ಮಾಡಿದಳು. ಸ್ಕೂಲಿನ ಒಳಗೇ ಕಾಲಿಡದ ಮಗುವನ್ನು ಇಟ್ಟುಕೊಂಡು ವಾದ ಎಷ್ಟು ದಿನ ನಡೆಯುತ್ತದೆ? ಏಪ್ರಿಲ್ ಕೊನೆಗೆ ಅವಳೂ ಸುಮ್ಮನಾದಳು.

ಆ ವಾರವೇ ಯೋಗೀಶ್ ಮೇಷ್ಟ್ರು ಬಂದಿದ್ದು. ಅಂಗವಿಕಲ ಮಕ್ಕಳಿಗೆಂದು ತಾಲ್ಲೂಕಿಗೆ ಇರುವ ಇಬ್ಬರು ಮೇಷ್ಟ್ರಲ್ಲಿ ಒಬ್ಬರು; ಒಂದು ಬೈಕು, ಎಂಬತ್ತು ಸ್ಕೂಲು, ಹಾಗಾಗಿ ಈ ಸ್ಕೂಲಿಗೆ ಬರುವ ಹೊತ್ತಿಗೆ ವರ್ಷ ಮುಗಿದಿತ್ತು. ಅವರು ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನಲ್ಲಿ ನಿಂತು ಕಟ್ಟಡವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಟೇಪು ತೆಗೆದು ರ‍್ಯಾಂಪ್ ಅಳೆದರು. ತಿಪ್ಪಯ್ಯನನ್ನು ಕರೆಸಿದರು. ಒಂದಡಿ ಏರುವುದಕ್ಕೆ ಹನ್ನೆರಡು ಅಡಿ ಉದ್ದ ಬೇಕು, ನೀವು ನಾಲ್ಕಡಿಯಲ್ಲಿ ಏರಿಸಿದ್ದೀರಿ ಎಂದರು. ಅದು ಹೋಗಲಿ, ದೊಡ್ಡ ತಪ್ಪು ಹೊಳಪಿನದು ಎಂದರು. ಬಿಸಿಲು ಈ ನೆಲಕ್ಕೆ ಬಿದ್ದು ವಾಪಸು ಹೊಡೆದರೆ ಆ ಮಗುವಿನ ಕಣ್ಣು ಪೂರಾ ಕಟ್ಟಿಹೋಗುತ್ತದೆ. ಇದನ್ನು ಒಡೆದು ಒರಟು ಮಾಡಬೇಕು.

“ಒರಟು?” ಎಂದ ತಿಪ್ಪಯ್ಯ.

“ಒರಟು ಮಾಡ್ಬೇಕು ಮೇಸ್ತ್ರಿ. ಹೊಳೀಬಾರ್ದು.”

“ನಲವತ್ತು ವರ್ಷ ಆಯ್ತು ಸ್ವಾಮಿ, ನೂರಾ ಎಂಟು ಮನೆ. ಒಬ್ರಾದ್ರೂ ನಿನ್ ನೆಲ ಸರಿಯಿಲ್ಲ ಕಣಯ್ಯ ಅಂದೋರಿಲ್ಲ. ತಾವು ಎಷ್ಟ್ ನೆಲ ಹಾಕಿದ್ದೀರಿ?”

ಯೋಗೀಶ್ ಒಂದೂ ಇಲ್ಲ ಎಂದು ಒಪ್ಪಿಕೊಂಡರು. ಗೆದ್ದೆನೆಂದು ತಿಪ್ಪಯ್ಯ ಟಿವಿಎಸ್ ಹತ್ತಿ ಮನೆಗೆ ಹೋದ.

ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ನಡೆದಿದ್ದನ್ನೆಲ್ಲ ಹೆಂಡತಿ ರಾಮಕ್ಕನಿಗೆ ಹೇಳಿದ. ಟೇಪು ಹಿಡಿದವರೆಲ್ಲ ಮೇಸ್ತ್ರಿಗಳಾದರೆ ಕರಣೆ ಹಿಡಿದವರು ಎಲ್ಲಿಗೆ ಹೋಗಬೇಕು ಎಂದು ಕೇಳಿದ. ರಾಮಕ್ಕ ಮುದ್ದೆ ಇಕ್ಕಿ, ಸಾರು ಬಿಟ್ಟು, ಎದುರಿಗೆ ಕೂತಳು. ಸಾಮಾನ್ಯವಾಗಿ ಅವಳು ಹೀಗೆ ಕೂರುವವಳಲ್ಲ.

“ಒಂದ್ ಮಾತು ಹೇಳ್ತೀನಿ, ಬೈಬ್ಯಾಡಿ. ಹನ್ನೊಂದ್ ವರ್ಷದಿಂದ ನುಂಗ್ಕಂಡಿದ್ದೀನಿ.”

“ಏನದು?”

“ಅತ್ತೆ ಬಿದ್ದಿದ್ದು ವಯಸ್ಸಾಗಿ ಅಲ್ಲ. ಬಚ್ಚಲಿಂದ ಬತ್ತಾ ಈ ನೆಲದ ಮ್ಯಾಲೆ ಜಾರಿದ್ರು. ನಾನೇ ಕಂಡಿದ್ದು. ಎತ್ತಕ್ಕೋದ್ರೆ, ನನ್ ಮಗನ್ ಮುಂದೆ ನೆಲ ಜಾರ್ತು ಅನ್ನಬ್ಯಾಡ, ತಲೆ ತಿರುಗ್ತು ಅನ್ನು ಅಂದ್ರು. ನಾನು ಅಂಗೇ ಅಂದೆ.”

ತಿಪ್ಪಯ್ಯನ ತಾಯಿ ಬಿದ್ದು ಸೊಂಟ ಮುರಿದುಕೊಂಡು, ಏಳು ತಿಂಗಳು ಮಲಗಿದ ಜಾಗದಲ್ಲೇ ಇದ್ದು ತೀರಿಕೊಂಡಿದ್ದಳು. ಏಳು ತಿಂಗಳೂ ಮಂಚದ ಮೇಲಿನಿಂದ ಈ ನೆಲವನ್ನೇ ನೋಡುತ್ತಿದ್ದಳು. ಬಂದವರಿಗೆಲ್ಲ, ನನ್ನ ಮಗ ಹಾಕಿದ್ದು ಎಂದು ತೋರಿಸುತ್ತಿದ್ದಳು.

ಅವನು ಬೈಯಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದು ಹಿತ್ತಿಲಿಗೆ ಹೋಗಿ ತೆಂಗಿನ ಮರದ ಬುಡದಲ್ಲಿ ಕೂತ. ನೂರಾ ಎಂಟು ಮನೆಗಳನ್ನು ಮೊದಲಿನಿಂದ ಎಣಿಸತೊಡಗಿದ. ಈ ಸಲದ ಎಣಿಕೆ ಬೇರೆ ಥರ ಇತ್ತು. ಕಂದಿಕೆರೆಯ ಪಟೇಲರ ಮನೆ: ಅವರ ತಂಗಿ ಮೊಣಕಾಲು ಮುರಿದುಕೊಂಡಿದ್ದು, ಸಂಜೆ ಹೊತ್ತು ಗಾಳಿ ಸೋಕಿ ಎಂದಿದ್ದರು. ತುರುವೇಕೆರೆ ರಸ್ತೆಯ ತೋಂಟದಾರ್ಯನ ಮನೆ: ಬಸುರಿ ಸೊಸೆ ಬಿದ್ದಿದ್ದು, ಅವಳಿಗೆ ಅವಸರ ಜಾಸ್ತಿ ಎಂದಿದ್ದರು. ಕೆಂಕೆರೆಯಲ್ಲಿ ಒಬ್ಬ ಮುದುಕ, ಅವನಿಗೆ ಕುಡಿತ ಎಂದಿದ್ದರು. ಕುಡಿಯುತ್ತಿದ್ದುದು ನಿಜ, ಆದರೆ ಮಣ್ಣಿನ ನೆಲವಿದ್ದಾಗಲೂ ಕುಡಿಯುತ್ತಿದ್ದನಲ್ಲ, ಆಗ ಬಿದ್ದಿರಲಿಲ್ಲ. ಹೀಗೆ ಹದಿನಾಲ್ಕರವರೆಗೆ ಸಿಕ್ಕಿತು. ಬಿದ್ದವರಲ್ಲಿ ಒಬ್ಬರೂ ನೆಲವನ್ನು ಬೈದಿರಲಿಲ್ಲ. ಅಷ್ಟು ಚೆಂದದ ನೆಲವನ್ನು ಯಾರು ಬೈಯುತ್ತಾರೆ?

ಮಾರನೆಯ ದಿನ ಗಂಗಲಕ್ಷ್ಮಿಯ ಮನೆಗೆ ಹೋದ. ಅವಳು ಬಾಗಿಲಲ್ಲೇ ನಿಂತು, ಒಳಗೆ ಬಾ ಎನ್ನದೆ, ಏನು ತಿಪ್ಪಯ್ಯಣ್ಣ ಎಂದಳು. ಮಗುವನ್ನು ಒಂದು ಮಾತು ಕೇಳಬೇಕಾಗಿತ್ತು ಎಂದ. ನನ್ನ ಮಗಳನ್ನು ನೋಡಿಕೊಂಡು ನಡೆ ಎಂದಿರಂತಲ್ಲ, ಇನ್ನೇನು ಕೇಳುವುದಿದೆ ಎಂದಳು. ಅವನು ಬಾಗಿಲು ಬಿಟ್ಟು ಕದಲದೆ ನಿಂತೇ ಇದ್ದುದರಿಂದ ಕೊನೆಗೆ ಅವಳೇ ಪಕ್ಕಕ್ಕೆ ಸರಿದಳು.

ಧನ್ಯಶ್ರೀ ಕಾಯಿ ತುಂಬುವ ಅಟ್ಟದ ಕೆಳಗಿನ ಕತ್ತಲೆ ಕೋಣೆಯಲ್ಲಿದ್ದಳು. ಮನೆಯಲ್ಲಿ ಅವಳ ಕಣ್ಣಿಗೆ ಹಿತವಾದ ಜಾಗ ಅದೊಂದೇ. ಗೋಣಿಚೀಲದ ಮೇಲೆ ಕೂತು ಪುಸ್ತಕಕ್ಕೆ ಮೂಗು ತಾಗಿಸಿದ್ದಳು. ತಿಪ್ಪಯ್ಯ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಹಾಗೆ ಕೂತ ಮೇಲೆ, ತಾನು ಹೊರಗಿನ ಬಿಸಿಲಿನಿಂದ ಬಂದಿದ್ದಕ್ಕೆ ತನಗೇ ಏನೂ ಕಾಣುತ್ತಿಲ್ಲ, ಅವಳಿಗೆ ತಾನು ಕಾಣುತ್ತಿದ್ದೇನೆ ಎಂದು ಗೊತ್ತಾಯಿತು.

“ಆ ನೆಲ ನಿಂಗೆ ಎಂಗೆ ಕಾಣ್ತದವ್ವ?” ಎಂದು ಕೇಳಿದ.

ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ; ಕಣ್ಣು ಪರೀಕ್ಷೆ ಮಾಡಿದವರು ಎರಡು ಬೆರಳೋ ಮೂರು ಬೆರಳೋ ಎಂದಷ್ಟೇ ಕೇಳುತ್ತಿದ್ದರು.

“ನೆಲ ಅಂತ ಗೊತ್ತಾಗಲ್ಲ ತಾತ. ಬಿಸ್ಲು ಬಿದ್ರೆ ಬರೀ ಬೆಳಕು. ಕಾಲು ಎಲ್ಲಿ ಇಡಾದು ಅಂತ ಕಾಣಲ್ಲ. ಮುಂಚೆ ಮೂರು ಮೆಟ್ಲಿತ್ತಲ್ಲ, ಎಣಿಸ್ಕಂಡು ಹತ್ತುತಿದ್ದೆ.”

“ಮತ್ತೆ ಆವತ್ತೇ ಯಾಕ್ ಹೇಳ್ಲಿಲ್ಲ ಮಗಾ?”

“ಎಲ್ರೂ ಚೆನ್ನಾಗೈತೆ ಅಂದ್ರು. ನಂಗೊಬ್ಳಿಗೇ ಚೆನ್ನಾಗಿ ಕಾಣ್ದಿದ್ರೆ ನನ್ ಕಣ್ಣಿಂದೇ ತಪ್ಪು ಅನ್ಕಂಡೆ.”

ತಿಪ್ಪಯ್ಯ ಎದ್ದು ಹೊರಗೆ ಬಂದ. ಗಂಗಲಕ್ಷ್ಮಿ ಬಾಗಿಲ ಹತ್ತಿರ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಮಗಳು ಅವಳಿಗೂ ಇದನ್ನು ಹೇಳಿರಲಿಲ್ಲ. ಹಾಸ್ಟೆಲಿನ ಫಾರಮ್ಮು ಯಾವಾಗ ಕೊಡಬೇಕು ಎಂದು ತಿಪ್ಪಯ್ಯ ಕೇಳಿದ. ಜೂನ್ ಐದರೊಳಗೆ ಎಂದಳು. ಸ್ಕೂಲು ಒಂದನೇ ತಾರೀಕಿಗೆ ಶುರು. ಐದರವರೆಗೂ ಕೊಡಬೇಡ ಎಂದು ಹೇಳುವಷ್ಟು ಅಧಿಕಾರ ತನಗಿಲ್ಲವೆಂದು ತಿಳಿದು, ಅಷ್ಟರೊಳಗೆ ಬರುತ್ತೇನೆ ಎಂದು ಮಾತ್ರ ಹೇಳಿ ಹೊರಟ.

ಆಮೇಲಿನ ಹತ್ತು ದಿನ ತಿಪ್ಪಯ್ಯ ತನಗೆ ಗೊತ್ತಿಲ್ಲದ ಕೆಲಸ ಕಲಿತ. ನುಣುಪು ಮಾಡುವ ಕೈಗೆ ಒರಟು ಮಾಡುವುದು ಬರುತ್ತಿರಲಿಲ್ಲ. ಮಾದರಿಗೆಂದು ಒಂದೊಂದಡಿ ಅಗಲದ ಹಲಗೆಗಳನ್ನು ಸಿಮೆಂಟಿನಲ್ಲಿ ಎರೆದ. ಮೊದಲನೆಯದಕ್ಕೆ ಕರಣೆ ತನ್ನಷ್ಟಕ್ಕೆ ಓಡಿ ಹೊಳಪು ಬಂದುಬಿಟ್ಟಿತು. ಎರಡನೆಯದಕ್ಕೆ ಜಲ್ಲಿ ಎದ್ದು ಬರಿಗಾಲು ಚುಚ್ಚುವಂತಾಯಿತು. ಅವನ್ನು ಟಿವಿಎಸ್ಸಿನ ಮುಂದೆ ಇಟ್ಟುಕೊಂಡು ಗಂಗಲಕ್ಷ್ಮಿಯ ಅಂಗಳಕ್ಕೆ ಒಯ್ಯುವುದು, ಒಂಬತ್ತೂವರೆ ಬಿಸಿಲಿಗೆ ಇಡುವುದು; ಹುಡುಗಿ ಟೋಪಿ ಹಾಕಿಕೊಂಡು ಬಂದು ಬರಿಗಾಲಲ್ಲಿ ನಿಂತು ತೀರ್ಪು ಕೊಡುವುದು. ಅವಳು ದಾಕ್ಷಿಣ್ಯದವಳಲ್ಲ. ಇದು ಕುಟುಕುತ್ತದೆ, ಇದು ಹೊಳೆಯುತ್ತದೆ, ಇದು ಪರವಾಗಿಲ್ಲ ಆದರೆ ಅಂಚು ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಇಂಜಿನಿಯರುಗಳಿಂದ ಬೈಸಿಕೊಂಡು ಅಭ್ಯಾಸವಿದ್ದ ತಿಪ್ಪಯ್ಯ ಹತ್ತು ವರ್ಷದ ಮಗುವಿನ ಮುಂದೆ ಹಲಗೆ ಹಿಡಿದು ನಿಂತು, ಸರಿ ಕಣವ್ವ, ಇನ್ನೊಂದು ತರುತ್ತೇನೆ ಎನ್ನುತ್ತಿದ್ದ.

ದಾರಿ ತೋರಿಸಿದ್ದು ರಾಮಕ್ಕನ ಪೊರಕೆ. ಅವಳು ಅಂಗಳ ಗುಡಿಸುತ್ತ, ಒಣಗದ ಹಲಗೆಯ ಮೇಲೆ ಗೊತ್ತಿಲ್ಲದೆ ತೆಂಗಿನ ಕಡ್ಡಿ ಪೊರಕೆ ಎಳೆದುಬಿಟ್ಟಳು. ಸಣ್ಣ ಸಣ್ಣ ಗೆರೆ ಬಿದ್ದವು. ಬೈಯಲು ಬಾಯಿ ತೆರೆದ ತಿಪ್ಪಯ್ಯ ಬಗ್ಗಿ ಅಂಗೈ ಸವರಿದ. ಜಾರಲಿಲ್ಲ, ಚುಚ್ಚಲಿಲ್ಲ. ಬಿಸಿಲು ಆ ಗೆರೆಗಳಲ್ಲಿ ಚೂರುಚೂರಾಗಿ ಕೂತಿತು. ರೆಡ್ ಆಕ್ಸೈಡ್ ಬಿಟ್ಟು ಮಸಿಬೂದಿಯ ಬಣ್ಣ ಕಲಸಿ, ಅಂಚಿಗೆ ನಾಲ್ಕು ಬೆರಳು ಅಗಲ ಹಳದಿ ಪಟ್ಟಿ ಹೊಡೆದು ಹೊಸ ಹಲಗೆ ಮಾಡಿದ. ಧನ್ಯಶ್ರೀ ಅದರ ಮೇಲೆ ನಿಂತು, ಇಳಿದು, ಮತ್ತೆ ಹತ್ತಿ, ಹಾಗೆಯೇ ಒಳಕ್ಕೆ ಹೋದಳು. ಪಾಸೋ ಫೇಲೋ ಎಂದು ಇವನು ಕೂಗಿ ಕೇಳಬೇಕಾಯಿತು.

“ಇದು ಸುಮ್ನೆ ಐತೆ ತಾತ,” ಎಂದು ಒಳಗಿನಿಂದ ಉತ್ತರ ಬಂತು.

ಇನ್ನು ಒಡೆಯಬೇಕು. ಶಂಭುಲಿಂಗಯ್ಯನವರು ಸುತರಾಂ ಒಪ್ಪಲಿಲ್ಲ. ತಾವು ನಮಸ್ಕಾರ ಮಾಡಿದ ಫೋಟೋ ಆಫೀಸಿನಲ್ಲಿದೆ, ಆ ರ‍್ಯಾಂಪನ್ನೇ ಒಡೆದರೆ ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು ಎಂದರು. ಶಾಂತಕುಮಾರಿಯವರು ಸಮಿತಿಯ ಮಾತು ಮೀರುವವರಲ್ಲ, ಆದರೆ ಆ ಮಗುವಿನ ಗದ್ದಕ್ಕೆ ತಮ್ಮ ಸೆರಗು ಒತ್ತಿ ಹಿಡಿದಿದ್ದವರೂ ಅವರೇ. ತಮಗೆ ಹತ್ತು ದಿನ ತರಬೇತಿ ಇದೆಯೆಂದೂ, ಗೇಟಿನ ಬೀಗದ ಕೈ ಅಡುಗೆಯವಳ ಹತ್ತಿರ ಇರುತ್ತದೆಂದೂ ಅವರು ಯಾರಿಗೂ ಅಲ್ಲವೆಂಬಂತೆ ಹೇಳಿ ತುಮಕೂರಿಗೆ ಹೊರಟುಹೋದರು.

ತಿಪ್ಪಯ್ಯ ಉಳಿ ಸುತ್ತಿಗೆ ಹಿಡಿದು ಜಗಲಿಯ ಒಳಮೂಲೆಯಲ್ಲಿ ಮಂಡಿಯೂರಿದ. ಎಲ್ಲಿಂದ ತಿಕ್ಕಲು ಶುರು ಮಾಡಿದ್ದನೋ ಅದೇ ಮೂಲೆ. ಮೊದಲ ಏಟಿಗೆ ಉಳಿ ಜಾರಿತು. ಅಷ್ಟು ಗಟ್ಟಿ, ಅಷ್ಟು ನುಣುಪು. ಬಗ್ಗಿದರೆ ತನ್ನ ಮುಖ ಕಾಣುತ್ತಿತ್ತು, ನರೆತ ಮೀಸೆಯ ಸಮೇತ. ಎರಡನೆಯ ಏಟು ಅದರ ಮೇಲೆಯೇ ಬಿತ್ತು. ಸಹಾಯಕ್ಕೆ ಬರುತ್ತೇನೆಂದ ಆಳುಗಳನ್ನು ಅವನು ಬೇಡವೆಂದ. ಮೇ ತಿಂಗಳ ಸೆಕೆಯಲ್ಲಿ ಒಂಬತ್ತು ದಿನ ಕೆತ್ತಿದ. ಕೆಂಪು ಧೂಳು ತಲೆ, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ತುಂಬಿ, ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆ ಗುರುತು ಸಿಗುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು. ಧೂಳಿಗೆ ಎಂದು ರಾಮಕ್ಕನಿಗೆ ಹೇಳುತ್ತಿದ್ದ. ಅವಳು ಹೌದೆನ್ನುತ್ತಿದ್ದಳು.

ಯೋಗೀಶ್ ಮೇಷ್ಟ್ರು ತಾವಾಗಿ ಎರಡು ಭಾನುವಾರ ಬಂದರು. ತಿಪ್ಪಯ್ಯ ಈ ಸಲ ಚಿತ್ರವನ್ನು ಜೇಬಿನಿಂದ ತೆಗೆದು ಗೋಡೆಗೆ ಅಂಟಿಸಿದ್ದ. ಇಬ್ಬರೂ ಸೇರಿ ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿ, ರ‍್ಯಾಂಪನ್ನು ಗೋಡೆಯ ಬದಿಗೆ ಉದ್ದಕ್ಕೆ ತಿರುಗಿಸಿದರು. ಮುಂದೊಂದು ದಿನ ಗಾಲಿಕುರ್ಚಿಯ ಮಗು ಬಂದರೆ ಅದಕ್ಕೆ ಅದು. ಬಾಗಿಲ ನೇರಕ್ಕೆ ಹಳೆಯ ಮೂರು ಮೆಟ್ಟಿಲನ್ನು ಮತ್ತೆ ಕಟ್ಟಿದರು, ಒಂದೊಂದರ ಅಂಚಿಗೂ ಹಳದಿ ಪಟ್ಟಿ. ಮೂಡಲ ಕಿಟಕಿಗಳಿಗೆ ತೆಂಗಿನ ಗರಿಯ ತಡಿಕೆ ಕಟ್ಟಿ ಬಿಸಿಲು ಸೋಸಿದರು. ನೆಲದ ಹಸಿ ಮೈಮೇಲೆ ತಿಪ್ಪಯ್ಯ ಕಡ್ಡಿ ಪೊರಕೆ ಎಳೆಯುತ್ತ ಹಿಂದಹಿಂದಕ್ಕೆ ಸರಿದು ಬಂದ. ಕೊಬ್ಬರಿ ಗಿಟುಕು ಕೇಳಲಿಲ್ಲ.

ಜೂನ್ ಒಂದನೇ ತಾರೀಕು ಧನ್ಯಶ್ರೀ ಬರಲಿಲ್ಲ. ಎರಡಕ್ಕೂ ಬರಲಿಲ್ಲ. ಗಂಗಲಕ್ಷ್ಮಿ ಒಬ್ಬಳೇ ಬಂದು ಅಡುಗೆ ಮಾಡಿ ಹೋದಳು. ಅವಳ ಗಂಡ ಲಾರಿಯಿಂದ ಬಂದಿದ್ದಾನೆಂದೂ, ಫಾರಮ್ಮು ತುಂಬಿ ಫೋಟೋ ಅಂಟಿಸಿಯಾಗಿದೆಯೆಂದೂ ಗೊತ್ತಾಯಿತು. ತಿಪ್ಪಯ್ಯ ದಿನಾ ಬಂದು ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂರುತ್ತಿದ್ದ. ಶಂಭುಲಿಂಗಯ್ಯನವರು ಬಂದು ಹೊಸ ನೆಲವನ್ನು ಚಪ್ಪಲಿ ಕಾಲಿಂದ ಉಜ್ಜಿ ನೋಡಿ, ದನದ ಕೊಟ್ಟಿಗೆಯ ನೆಲದ ಹಾಗೆ ಮಾಡಿಟ್ಟಿದ್ದೀಯಲ್ಲಯ್ಯ, ನಿನ್ನ ಹೆಸರನ್ನು ನೀನೇ ಕೆಡಿಸಿಕೊಂಡೆಯಲ್ಲ ಎಂದರು. ಹೌದು ಸ್ವಾಮಿ ಎಂದ. ಅವರು ಮೆಟ್ಟಿಲಲ್ಲಿ ಇಳಿಯದೆ ರ‍್ಯಾಂಪಿನಲ್ಲೇ, ಕೈ ಎತ್ತದೆ, ನಿಶ್ಚಿಂತೆಯಿಂದ ಇಳಿದು ಹೋದರು. ಅದನ್ನು ಅವರು ಗಮನಿಸಲಿಲ್ಲ. ತಿಪ್ಪಯ್ಯ ಗಮನಿಸಿದ, ಆದರೆ ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ.

ಮೂರನೇ ತಾರೀಕು ಒಂಬತ್ತೂವರೆಗೆ ತಾಯಿ ಮಗಳು ಬಂದರು. ಸ್ಕೂಲಿನ ಮುಂದಿನ ದಾರಿಯ ತನಕ ಭೀಮರಾಜುವೂ ಜೊತೆಗಿದ್ದ; ಅಲ್ಲೇ ನಿಂತುಕೊಂಡ. ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರಿತ್ತು, ಅದರಲ್ಲಿ ಫಾರಮ್ಮು. ಮಗಳು ಒಳಗೆ ಹೋಗದಿದ್ದರೆ ಹತ್ತು ಗಂಟೆಯ ಬಸ್ಸಿಗೆ ಹೊರಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಗೇಟಿನಲ್ಲಿ ಧನ್ಯಶ್ರೀ ಯಾವಾಗಲೂ ನಿಲ್ಲುವಲ್ಲೇ ನಿಂತಳು. ಗಂಗಲಕ್ಷ್ಮಿ ಕೈ ಹಿಡಿಯಲಿಲ್ಲ. ಮೂರು ಹೆಜ್ಜೆ ಹಿಂದೆಯೇ ಉಳಿದಳು. ಬಿಸಿಲು ನೇರ ಮೆಟ್ಟಿಲ ಮೇಲಿತ್ತು. ತಿಪ್ಪಯ್ಯ ಕಟ್ಟೆಯಿಂದ ಎದ್ದು ನಿಂತ. ಬಾರವ್ವ ಎನ್ನಬೇಕೆಂದು ಬಾಯಿಗೆ ಬಂತು, ನುಂಗಿಕೊಂಡ. ಒಳಗಿನಿಂದ ಅವಳ ಗೆಳತಿ ಇಂಪನಾ ಕಿಟಕಿಯ ತಡಿಕೆ ಸರಿಸಿ, ನಿನ್ನ ಜಾಗಕ್ಕೆ ಬೇರೆ ಯಾರೋ ಕೂರುತ್ತಿದ್ದಾರೆ ಎಂದು ಚಾಡಿ ಹೇಳಿದಳು. ಯಾರು ಎಂದಳು ಧನ್ಯಶ್ರೀ. ಇಂಪನಾ ಹೆಸರು ಹೇಳಿದಳು. ಧನ್ಯಶ್ರೀ ಟೋಪಿ ಸ್ವಲ್ಪ ಕೆಳಗೆ ಎಳೆದುಕೊಂಡು ಹೊರಟಳು. ಒಂದು, ಎರಡು, ಮೂರು. ಜಗಲಿ. ನೆಲವನ್ನು ನೋಡಲಿಲ್ಲ, ಗೋಡೆ ಹಿಡಿಯಲಿಲ್ಲ, ಕಟ್ಟೆಯ ಹತ್ತಿರ ನಿಂತ ಮುದುಕನನ್ನೂ ನೋಡಲಿಲ್ಲ. ತನ್ನ ಜಾಗದಲ್ಲಿ ಕೂತವನ ಮೇಲೆ ಜಗಳಕ್ಕೆ ಹೋಗುವ ಅವಸರದಲ್ಲಿ ಬಾಗಿಲು ದಾಟಿ ಒಳಗೆ ಹೋಗಿಬಿಟ್ಟಳು.

ಗಂಗಲಕ್ಷ್ಮಿ ಅಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭೀಮರಾಜು ಸ್ವಲ್ಪ ಹೊತ್ತು ಕಾದ. ಆಮೇಲೆ ಕವರನ್ನು ಮಡಿಸಿ ಅಂಗಿಯ ಒಳಕ್ಕೆ ಸೇರಿಸಿ, ಬಸ್‌ಸ್ಟ್ಯಾಂಡಿನ ಕಡೆಗಲ್ಲದೆ ಮನೆಯ ಕಡೆಗೆ ತಿರುಗಿದ.

ತಿಪ್ಪಯ್ಯನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ನಲವತ್ತು ವರ್ಷ ಅವನ ಕೆಲಸ ಮುಗಿದಾಗ ಯಾರಾದರೂ ಬಗ್ಗಿ ನೋಡುತ್ತಿದ್ದರು, ಏನಾದರೂ ಹೇಳುತ್ತಿದ್ದರು. ಇವತ್ತು ಯಾರೂ ಬಗ್ಗಲಿಲ್ಲ, ಏನೂ ಹೇಳಲಿಲ್ಲ. ಟಿವಿಎಸ್ಸಿನ ಸ್ಟ್ಯಾಂಡು ತೆಗೆಯುತ್ತಿದ್ದಾಗ ಐದರಿಂದ ಆರನೇ ಕ್ಲಾಸಿಗೆ ಬಂದ ಧನ್ಯಶ್ರೀಯ ದನಿ ಕ್ಲಾಸಿನ ಒಳಗಿನಿಂದ ಕೇಳಿಸಿತು. ಇಡೀ ಅಂಗಳಕ್ಕೆ ಕೇಳುವಷ್ಟು ಜೋರಾಗಿಯೇ ಇತ್ತು.

“ಮಿಸ್, ಈ ಬೋರ್ಡು ಸರಿಯಿಲ್ಲ. ಒಂದ್ ಕಡೆ ಹೊಳೀತದೆ, ಅಲ್ಲಿ ಬರ್ದಿದ್ದು ಕಾಣಲ್ಲ.”

ತಿಪ್ಪಯ್ಯ ಸ್ಟ್ಯಾಂಡು ಮತ್ತೆ ಹಾಕಿದ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಬೋರ್ಡು ನೋಡಲು ಒಳಗೆ ಹೋದ.